ನೆರಳನ್ನು ಬಲ್ಲ ಮನೆಗಳು

ತೀರ್ಥಕ್ಷೇತ್ರಗಳನ್ನು ನೋಡಲು ಹೋಗುವವರು ಬಹುಮಂದಿ; ಜನ ವಾಸಿಸುವ ಮನೆಗಳನ್ನು ನೋಡಲೆಂದೇ ಹೊರಡುವವರು ವಿರಳ. ಈಚೆಗೆ ನಾನು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಕಳೆದ ಶತಮಾನದ ನಡುಗಾಲದ ಮನೆಗಳನ್ನು ನೋಡುತ್ತ ನಾಲ್ಕು ದಿನ ಅಲೆದೆನು.

ಕನ್ನಂಬಾಡಿಯ ಕಾಲುವೆಯ ನೀರು, 1933ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಂಪೆನಿ, 1939ರಲ್ಲಿ ರಚಿತವಾದ ಜಿಲ್ಲೆ—ಈ ಮೂರೂ ಕೂಡಿ ಮಂಡ್ಯವನ್ನು ಬೆಳೆಸಿದುವು. ಕೈಯಲ್ಲಿ ನಾಲ್ಕು ಕಾಸು ನಿಂತ ಗೃಹಸ್ಥರು ತೊಟ್ಟಿಯ ಮನೆಯನ್ನು ಬಿಟ್ಟು ಕಾಂಕ್ರೀಟಿನ ತಾರಸಿಯ ಮನೆಗಳನ್ನು ಕಟ್ಟಿಸಿದರು. ಅದೇ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ನೆರಳನ್ನೂ ಗಾಳಿಯನ್ನೂ ಕಟ್ಟಡದ ಮೊದಲ ಅಗತ್ಯಗಳೆಂದು ಎಣಿಸಿದವರು. ನಮ್ಮ ಗಾರೆ ಕೆಲಸದವರು ಅವರ ಹೆಸರನ್ನು ಕೇಳಿರಲಾರರು. ಆದರೂ ಕಿಟಕಿಯ ಮೇಲಿನ ಅಗಲವಾದ ಸಜ್ಜ, ಸೂರಿನಡಿಯ ಗಾಳಿಕಿಂಡಿ, ಕಾಲಿಗೆ ತಂಪಾದ ಕೆಂಪು ನೆಲ—ಇವುಗಳಲ್ಲಿರುವುದು ಅದೇ ವಿವೇಕ. ಮದ್ದೂರಿನ ಒಂದು ಮನೆಯಲ್ಲಿ ತೊಟ್ಟಿಯು ಮಾಯವಾಗಿದ್ದರೂ ಜಗಲಿಯು ದುಂಡನೆಯ ವರಾಂಡವಾಗಿ ಉಳಿದುಕೊಂಡಿತ್ತು.

ಮಳವಳ್ಳಿಯಲ್ಲಿ ವೃದ್ಧೆಯೊಬ್ಬರು, "ಮಗ ಇದನ್ನು ಕೆಡವಬೇಕೆಂದಿದ್ದಾನಪ್ಪ, ಓದಿದವರು ನೀವು, ಒಂದು ಮಾತು ಹೇಳಿ" ಎಂದರು. ತಾರಸಿಯು ಬೇಸಗೆಯಲ್ಲಿ ಕಾಯುವುದೆಂದು ಮಗನ ದೂರು. ಅದು ನಿಜವೇ. ಹೊಸ ಮನೆಗೆ ತಂಪು ಮಾಡುವ ಯಂತ್ರವನ್ನು ತರುವೆನೆಂದೂ ಅವರು ಹೇಳಿದರು. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿದ ತಾಲ್ಲೂಕಿನಲ್ಲಿಯೂ ದೀಪ ಹೋಗುವುದುಂಟಲ್ಲ ಎಂದೆನು. ಎಲ್ಲರೂ ನಕ್ಕರು.

ಮನೆ ಅವರದು, ನಿರ್ಣಯವೂ ಅವರದೇ. ಕೆಡವುವುದೇ ಆದರೆ ಸಜ್ಜವನ್ನೂ ಗಾಳಿಕಿಂಡಿಯನ್ನೂ ಹೊಸ ನಕ್ಷೆಯಲ್ಲಿ ಮರೆಯಬೇಡಿರೆಂದು ಕೇಳಿಕೊಂಡೆನು. ಅಷ್ಟಕ್ಕೆ ಅವರು ಒಪ್ಪಿದರು. ತಾಯಿ ಮಾತ್ರ ಕೆಂಪು ನೆಲದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು.