ಅರಿತಾದ ಕುಂಬಾರರು

ಅರಿತಾ, ಜಪಾನ್
ಮೇ 4

ತೀರ್ಥರೂಪ ಅಪ್ಪನವರಿಗೆ, ಅವ್ವನ ಮೊಣಕಾಲು ನೋವು ಹೇಗಿದೆ, ತಿಳಿಸಿರಿ. ಕೆಂಭಾವಿಯಲ್ಲಿ ಬಿಸಿಲು ಜೋರಿರಬೇಕು.

ರಜೆ ಸಿಕ್ಕಿತೆಂದು ಫುಕುವೊಕಾದಿಂದ ರೈಲು ಹತ್ತಿ ಈ ಕುಂಬಾರರ ಊರಿಗೆ ಬಂದಿದ್ದೇನೆ. ಪ್ರತಿವರ್ಷ ಏಪ್ರಿಲ್ 29ರಿಂದ ಮೇ 5ರವರೆಗೆ ಇಲ್ಲಿ ಪಿಂಗಾಣಿಯ ಜಾತ್ರೆ. ಬೀದಿಯುದ್ದಕ್ಕೂ ತಟ್ಟೆ, ಬಟ್ಟಲು, ಹೂಜಿ.

ಈ ಕಸುಬು ಇಲ್ಲಿಗೆ ಬಂದದ್ದು ದಂಡಿನ ಬೆನ್ನಿಗೆ. 1592ರಿಂದ 1598ರವರೆಗೆ ಕೊರಿಯಾದ ಮೇಲೆ ಏರಿಹೋದ ಜಪಾನೀಯರು ಅಲ್ಲಿನ ಕುಂಬಾರರನ್ನು ಹಿಡಿದು ತಂದರು. ಅವರಲ್ಲೊಬ್ಬ ಯಿ ಸಾಮ್‌ಪ್ಯೊಂಗ್. 1616ರಲ್ಲಿ ಆತ ಇಜುಮಿಯಾಮಾ ಗುಡ್ಡದಲ್ಲಿ ಬಿಳಿಕಲ್ಲು ಕಂಡ ಎನ್ನುತ್ತಾರೆ ಊರವರು. ಆ ಕಲ್ಲನ್ನು ಕುಟ್ಟಿ, ಸೋಸಿ, ಕಲಸಿದ ಮಣ್ಣೇ ಪಿಂಗಾಣಿಗೆ ಮೂಲ. ನಮ್ಮ ಮಡಕೆ ಜಿನುಗುತ್ತದೆ, ಅದಕ್ಕೇ ನೀರು ತಂಪು. ಈ ಪಿಂಗಾಣಿ ಒಂದು ಹನಿಯನ್ನೂ ಬಿಡುವುದಿಲ್ಲ. ಸೆರೆಯಾಗಿ ಬಂದವನಿಗೆ ಇಂದು ತೋಜಾನ್ ಗುಡಿಯಲ್ಲಿ ಪೂಜೆ. ಆ ಗುಡಿಯ ಕಮಾನೂ ಪಿಂಗಾಣಿಯದೇ.

1640ರ ದಶಕದಲ್ಲಿ ಸಕಾಯ್ದಾ ಕಾಕಿಯೆಮೊನ್ ಎಂಬಾತ ಸುಟ್ಟ ಪಾತ್ರೆಯ ಹೊಳಪಿನ ಮೇಲೆ ಕೆಂಪು ಮೊದಲಾದ ಬಣ್ಣ ಬರೆದು ಮತ್ತೆ ಸುಡುವ ವಿದ್ಯೆ ಸಾಧಿಸಿದ. ಡಚ್ಚರು ಅಂಥ ಪಾತ್ರೆಗಳನ್ನು ಯುರೋಪಿಗೆ ಒಯ್ದರು. ಜರ್ಮನಿಯ ಮೈಸನ್ ಊರಿನವರು ನಕಲು ಮಾಡಿದರು. ಕಾಕಿಯೆಮೊನ್ ಮನೆಯ ಯಜಮಾನಿಕೆ ಹೊತ್ತ ಮಗ ಇಂದಿಗೂ ತನ್ನ ಹೆಸರು ಬಿಟ್ಟು ಕಾಕಿಯೆಮೊನ್ ಆಗುತ್ತಾನೆ. ಈಗಿನವರು 15ನೆಯವರು. ಆ ಮನೆಯವರ ಹಾಲುಬಿಳುಪಿನ ಮಣ್ಣಿನ ಹದ 18ನೇ ಶತಮಾನದಲ್ಲಿ ಕೈತಪ್ಪಿತ್ತು. 12 ಮತ್ತು 13ನೆಯವರು, ತಂದೆ-ಮಗ ಕೂಡಿ, 1953ರಲ್ಲಿ ಅದನ್ನು ಮರಳಿ ಪಡೆದರು. 14ನೆಯವರನ್ನು ಸರ್ಕಾರ 2001ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಿತು.

ಇಲ್ಲಿನವರ ಕೈ ನಮ್ಮವರ ಕೈಗಿಂತ ಹೆಚ್ಚಿನದೆಂದು ನನಗೆ ಅನಿಸಲಿಲ್ಲ. ಕುಂಬಾರ ಗುಂಡಯ್ಯನನ್ನು ಶರಣನೆಂದು ನೆನೆಯುವ ನಾಡು ನಮ್ಮದು. ಆದರೆ ಇಲ್ಲಿಯ ಜನ ಹೊಗಳಿ ಸುಮ್ಮನಾಗುವುದಿಲ್ಲ, ಬೆಲೆ ಕೊಟ್ಟು ಕೊಳ್ಳುತ್ತಾರೆ. ಆವಿಗೆ ಉರಿಯುವುದು ಅದರಿಂದಲೇ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ಅಚ್ಚಿನ ಬಣ್ಣದ ಎತ್ತು ಪೇಟೆಯಿಂದ ತರಬೇಡಿರಿ. ಕುಂಬಾರರ ಮನೆಯಿಂದಲೇ ಜೋಡಿ ತರಿಸಿರಿ. ಜೋಳದ ಜೊತೆ ರೊಕ್ಕವನ್ನೂ ಕೊಡಿರಿ, ಓಣಿಯವರಿಗೂ ಹೇಳಿರಿ.

ಇಂತಿ,
ನಿಮ್ಮ ಮಗ