ಗಿರಿಗದ್ದೆಯ ಮನೆಯವರೆಗೆ

ಬಯಲುಸೀಮೆಯ ಜನರಾದ ನಮಗೆ ದೂರವೆಂದರೆ ಹರದಾರಿಯ ಲೆಕ್ಕ. ಬಿಳೂರಿನಿಂದ ಜತ್ತಕ್ಕೆ ಎಷ್ಟು, ಜತ್ತದಿಂದ ವಿಜಯಪುರಕ್ಕೆ ಎಷ್ಟು ಎಂದು ನೆಲದ ಮೇಲೆ ಅಳೆದು ಹೇಳುವುದೇ ನಮ್ಮ ರೂಢಿ. ನೆಲವೇ ಎದ್ದು ನಿಂತಾಗ ಈ ಲೆಕ್ಕ ಸಾಲದೆಂಬುದನ್ನು ನಾವು ಅರಿತುದು 2018ರ ಡಿಸೆಂಬರಿನಲ್ಲಿ, ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರುವ ದಾರಿಯಲ್ಲಿ.

ಈ ಪರ್ವತವು ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದುದು. ಎತ್ತರ 1,712 ಮೀಟರು. ಕೊಡಗಿನ ಸೋಮವಾರಪೇಟೆಯ ಕಡೆಯಿಂದ ಬರುವವರಿಗೆ ದಾರಿ ಹತ್ತಿರ. ಕುಕ್ಕೆಯಿಂದ ಹೊರಟವರು ಒಂದು ಬದಿಗೇ ಸುಮಾರು 13 ಕಿಲೋಮೀಟರು ನಡೆಯಬೇಕು. ಅಷ್ಟರೊಳಗೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಮೇಲೇರಬೇಕು. ಕರ್ನಾಟಕದ ಕಠಿಣ ಚಾರಣಗಳಲ್ಲಿ ಇದನ್ನು ಎಣಿಸುವುದು ಇದಕ್ಕಾಗಿಯೇ. ಅರ್ಧ ದಾರಿಗೆ ತುಸು ಮೊದಲು, ಗಿರಿಗದ್ದೆಯೆಂಬಲ್ಲಿ, ಒಂದು ಒಂಟಿ ಕೃಷಿಕರ ಮನೆಯುಂಟು. ದಶಕಗಳಿಂದ ಚಾರಣಿಗರು ಅದನ್ನು ‘ಭಟ್ಟರ ಮನೆ’ಯೆಂದೇ ಕರೆಯುತ್ತ ಬಂದಿದ್ದಾರೆ.

ನಾವು ಐವರು ಶಿಕ್ಷಕರು. ಇಬ್ಬರು ತರುಣರು, ಮೂವರು ಐವತ್ತು ದಾಟಿದವರು. ಪಾಠಕ್ಕೆ ಮೊದಲು ಅದರ ಉದ್ದೇಶವನ್ನು ಬರೆದಿಡಬೇಕೆಂದು ತರಬೇತಿಯಲ್ಲಿ ಕಲಿತವರಾದುದರಿಂದ, ಹಿಂದಿನ ರಾತ್ರಿಯೇ ಕರಾರು ಮಾಡಿಕೊಂಡೆವು: ಗುರಿ ಭಟ್ಟರ ಮನೆ, ಒಂಬತ್ತು ಗಂಟೆಯೊಳಗೆ ಅಲ್ಲಿಗೆ ತಲಪಿದರೆ ಮಾತ್ರ ಶಿಖರದ ವಿಚಾರ.

ಬೆಳಗಿನ ಆರಕ್ಕೆ ದೇವರಗದ್ದೆಯ ಮಾರ್ಗವಾಗಿ ಹೊರಟೆವು. ನಮ್ಮ ಕಡೆ ಊರೆಂದರೆ ಗೋಡೆಗೆ ಗೋಡೆ ತಾಗಿದ ಮನೆಗಳು, ನಡುವೆ ಚಾವಡಿ, ಅಗಸಿ. ಇಲ್ಲಿ ಒಂದೊಂದು ಮನೆಯೂ ತನ್ನ ಅಡಿಕೆಯ ತೋಟದ ನಡುವೆ ತಾನೇ ಒಂದು ಊರಾಗಿ ನಿಂತಿದೆ. ನೆರೆಮನೆಯನ್ನು ಕಾಣಬೇಕಾದರೆ ತೋಡು ದಾಟಬೇಕು, ದಿನ್ನೆ ಹತ್ತಬೇಕು. ತೋಟಗಳು ಮುಗಿದ ಕೂಡಲೇ ಕಾಡು, ಕಾಡಿನೊಡನೆಯೇ ಏರು. ಬೇರುಗಳೇ ಮೆಟ್ಟಿಲು, ತರಗೆಲೆಯೇ ಹಾಸು. ಮಳೆಗಾಲದಲ್ಲಿ ಈ ದಾರಿಯಲ್ಲಿ ಜಿಗಣೆಗಳ ಕಾಟ. ಡಿಸೆಂಬರಿನ ಒಣನೆಲದಲ್ಲಿ ಆ ಬಾಧೆಯಿರಲಿಲ್ಲ. ಆದರೆ ಮೊದಲ ಗಂಟೆಯಲ್ಲೇ ಅಂಗಿಗಳು ತೊಯ್ದವು, ಮಾತುಗಳು ನಿಂತವು.

ಕಾಡು ಹಿಂದೆ ಸರಿದು ಹುಲ್ಲುಗಾವಲು ತೆರೆದಾಗ ಎದುರಿಗೆ ಶೇಷಪರ್ವತದ ಏಣು ಕಾಣಿಸಿತು. ಅರಬ್ಬೀ ಸಮುದ್ರದಿಂದ ಬರುವ ಗಾಳಿ ಇಂಥ ಗೋಡೆಗೆ ತಾಗಿ ಮೇಲೇರುತ್ತದೆ, ತಂಪಾಗುತ್ತದೆ, ತನ್ನ ನೀರನ್ನೆಲ್ಲ ಪಡುವಣ ಮಗ್ಗುಲಿಗೆ ಸುರಿಯುತ್ತದೆ. ಇದೇ ಸಹ್ಯಾದ್ರಿಯ ಸಾಲು ಉತ್ತರಕ್ಕೆ ಸಾಗಿ ನಮ್ಮ ಜತ್ತದ ಪಶ್ಚಿಮಕ್ಕೂ ನಿಂತಿರುವುದರಿಂದಲೇ ನಮ್ಮ ಪಾಲಿಗೆ ಮಳೆನೆರಳು ಉಳಿದಿದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದ ಈ ಪಾಠವನ್ನು ಅಂದು ನಾವು ಮೊಣಕಾಲಿನಿಂದ ಓದಿದೆವು.

ಭಟ್ಟರ ಮನೆಯ ಅಂಗಳವನ್ನು ಮುಟ್ಟಿದಾಗ ಹತ್ತೂಕಾಲು. ಅನ್ನ, ಸಾರು, ಉಪ್ಪಿನಕಾಯಿ, ಮಜ್ಜಿಗೆ. ಊಟಕ್ಕೆ ಬೆಲೆಯುಂಟು, ಅದನ್ನು ಕೊಟ್ಟೆವು. ಆದರೆ ವಾಹನ ಬಾರದ ಆ ಎತ್ತರಕ್ಕೆ ಅಕ್ಕಿಯ ಮೂಟೆ ಹೆಗಲ ಮೇಲೆ ಬರುತ್ತದೆಂಬುದನ್ನು ನೆನೆದಾಗ, ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಲು ಮನಸ್ಸಾಗಲಿಲ್ಲ.

ಆಲ್ಪ್ಸ್ ಪರ್ವತಗಳಲ್ಲಿಯೂ ಇಂಥ ತಂಗುಮನೆಗಳಿವೆ. ಸ್ವಿಟ್ಜರ್ಲೆಂಡಿನ ಪರ್ವತಾರೋಹಿಗಳ ಸಂಘವು 1863ರಲ್ಲಿ ಸ್ಥಾಪಿತವಾಗಿ, ಅದೇ ವರ್ಷ ತನ್ನ ಮೊದಲ ತಂಗುಮನೆಯನ್ನು ಕಟ್ಟಿತು. ಇಂದು ಅದರ ವಶದಲ್ಲಿ 150ರಷ್ಟು ಮನೆಗಳಿವೆ. ಅಲ್ಲಿ ಏರುವವರಿಗೆಂದೇ ಮನೆ ಕಟ್ಟಿದರು. ಗಿರಿಗದ್ದೆಯಲ್ಲಿ ಹಾಗಲ್ಲ. ಅಲ್ಲಿ ಸಾಗುವಳಿಯ ಸಂಸಾರವೊಂದು ಮೊದಲೇ ಇತ್ತು. ಏರುವವರು ಆಮೇಲೆ ಬಂದರು. ಬಂದವರಿಗೆ ಆ ಸಂಸಾರ ತನ್ನ ಒಲೆಯನ್ನು ಹಂಚಿತು. ಈ ಭೇದವನ್ನು ಮರೆಯಬಾರದು. ಅಲ್ಲಿಗೆ ಹೋಗುವ ನಾವು ಗಿರಾಕಿಗಳಲ್ಲ, ಅತಿಥಿಗಳು.

ಉಂಡು ಕೈತೊಳೆದ ಮೇಲೆ ತಕರಾರು ಹುಟ್ಟಿತು.

“ಇಷ್ಟು ದೂರ ಬಂದು ಶಿಖರ ನೋಡದ ಹೋಗೂದೇನ್ರೀ ಸರ್?” ಎಂದರು ತರುಣರು.

ನಮ್ಮಲ್ಲಿ ಹಿರಿಯರಾದವರು, “ಶಿಖರ ಎಲ್ಲೀಗೂ ಹೋಗೂದಿಲ್ಲಪಾ, ಹೊತ್ತು ಹೋಗ್ತದ” ಎಂದರು.

ಲೆಕ್ಕ ಹಾಕಿದೆವು. ಮೇಲೆ ಇನ್ನೂ ಏಳು ಕಿಲೋಮೀಟರು, ನಮ್ಮ ನಡಿಗೆಗೆ ನಾಲ್ಕು ಗಂಟೆ. ತಿರುಗಿ ಈ ಅಂಗಳಕ್ಕೆ ಬರುವಾಗ ಸಂಜೆಯಾಗುತ್ತದೆ. ಅಲ್ಲಿಂದ ಕೆಳಗೆ ಆನೆಗಳಿರುವ ಕಾಡನ್ನು ಕತ್ತಲೆಯಲ್ಲಿ ಇಳಿಯಬೇಕು. ಐವರು ಹೊರಟವರು ಐವರೂ ಮರಳಬೇಕು. ಶಾಲೆಯ ಪ್ರವಾಸಕ್ಕೂ ಇದೇ ನಿಯಮ, ಶಿಕ್ಷಕರ ಪ್ರವಾಸಕ್ಕೂ ಇದೇ. ತರುಣರು ಮರುಮಾತಾಡದೆ ಚೀಲ ಹೆಗಲಿಗೇರಿಸಿದರು. ಆದರೆ ಮೋರೆ ಬಾಡಿತ್ತು.

ಇಳಿಯುವಾಗಿನ ಸಂಗತಿಯನ್ನು ಅನುಭವಿಗಳು ಬಲ್ಲರು: ಏರು ಎದೆಯನ್ನು ಪರೀಕ್ಷಿಸಿದರೆ ಇಳಿಜಾರು ಮೊಣಕಾಲನ್ನು ಪರೀಕ್ಷಿಸುತ್ತದೆ. ಅರ್ಧ ಕಾಡಿನಲ್ಲಿ ಆ ಹಿರಿಯರ ಮೊಣಕಾಲು ಹಟ ಹಿಡಿಯಿತು. ಹತ್ತು ಹೆಜ್ಜೆಗೊಮ್ಮೆ ಕೂಡ್ರುವಂತಾಯಿತು. ಒಬ್ಬ ತರುಣರು ಅವರ ಚೀಲ ಹೊತ್ತರು, ಇನ್ನೊಬ್ಬರು ಬಿದ್ದ ಕೋಲೊಂದನ್ನು ಆಯ್ದುಕೊಟ್ಟು, ಹೆಗಲು ಕೊಟ್ಟು ಇಳಿಸಿದರು. ದೇವರಗದ್ದೆಯ ತೋಟಗಳನ್ನು ಕಂಡಾಗ ಐದು ದಾಟಿತ್ತು, ಮರಗಳ ಅಡಿಯಲ್ಲಿ ಬೆಳಕು ಆರುತ್ತಿತ್ತು. ಶಿಖರದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ಮೇಲೆ ಕಾಲ ಬದಲಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಮ್ಮೆಲೇ ಆ ಬೆಟ್ಟಕ್ಕೆ ಮುಗಿಬಿದ್ದರು. ಸರಕಾರವು ಚಾರಣವನ್ನು ಕೆಲಕಾಲ ನಿಲ್ಲಿಸಿ, ಅದೇ ವರ್ಷ ಆನ್‌ಲೈನಿನಲ್ಲಿ ಮುಂಗಡ ಚೀಟಿ ಪಡೆಯುವ, ದಿನಕ್ಕಿಷ್ಟೇ ಜನರೆಂಬ ಕ್ರಮವನ್ನು ತಂದಿತು. ಇದನ್ನು ಕಟ್ಟುಪಾಡೆಂದು ಗೊಣಗುವವರುಂಟು. ನಮಗೆ ಹಾಗೆ ತೋರದು. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾದು ಕೊಡ ತುಂಬಿದ ನಮ್ಮ ಮನೆಯ ಹೆಣ್ಣುಮಕ್ಕಳು ದಾರಿಹೋಕರಿಗೆ ನೀರಿಲ್ಲವೆಂದವರಲ್ಲ. ಆದರೆ ಒಂದು ಕೊಡಕ್ಕೆ ನೂರು ಜನ ಕೈಯೊಡ್ಡಿದರೆ ಕೊಡುವವರೇನು ಮಾಡಿಯಾರು? ಬೆಟ್ಟದ ತೊರೆಗೂ ಬೆಟ್ಟದ ಮನೆಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ನಮ್ಮ ಸೀಮೆಯಿಂದ ಅತ್ತ ಹೋಗುವ ತರುಣರಲ್ಲಿ ನಮ್ಮ ಅರಿಕೆ ಇಷ್ಟೇ: ಚೀಟಿ ಪಡೆದು ಹೋಗಿರಿ, ಒಯ್ದ ಕಸವನ್ನು ತಿರುಗಿ ತನ್ನಿರಿ, ತಿರುಗುವ ಹೊತ್ತನ್ನು ಹೊರಡುವ ಮೊದಲೇ ಗೊತ್ತುಮಾಡಿರಿ. ಬೆಟ್ಟದಲ್ಲಿ ಯಾರಾದರೂ ನಿಮಗೆ ಮಜ್ಜಿಗೆ ಕೊಟ್ಟರೆ, ಹಣ ತೆತ್ತ ಮೇಲೂ ಕೈಮುಗಿಯಿರಿ.