ಐದು ಉಗುರಿನ ಡ್ರ್ಯಾಗನ್

ಶುಕ್ರವಾರ ಟೀಮ್ ಲಂಚ್. ವೈಟ್‌ಫೀಲ್ಡ್‌ನ ಒಂದು ಚೈನೀಸ್ ಹೋಟೆಲ್. ಫ್ರೈಡ್ ರೈಸ್ ಖಾಲಿಯಾದ ಮೇಲೆ ತಟ್ಟೆಯ ತಳದಲ್ಲಿ ನೀಲಿ ಡ್ರ್ಯಾಗನ್ ಕಾಣಿಸ್ತು. ಅಭ್ಯಾಸಬಲ, ಕಾಲಿನ ಉಗುರು ಎಣಿಸಿದೆ. ಐದು!

"ಏನ್ ಸಾರ್, ತಟ್ಟೇಲೂ ಬಗ್ ಹುಡುಕ್ತಿದೀರಾ?" ಅಂದ ಎದುರಿಗೆ ಕೂತಿದ್ದ ಹುಡುಗ. ಎಲ್ಲರೂ ನಕ್ಕರು. ಟೆಸ್ಟಿಂಗ್ ಲೀಡ್ ಆದವನಿಗೆ ಇದೆಲ್ಲ ಮಾಮೂಲು.

ನನಗೆ ಈ ಹುಚ್ಚು ಹತ್ತಿದ್ದು ಹಂಪಿಗೆ ಹೋಗಿಬಂದ ಮೇಲೆ. ಅಲ್ಲಿನ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ. 1565ರಲ್ಲಿ ಹಾಳಾದ ಆ ಊರಿನ ಮನೆಗಳಿಗೆ ಸಮುದ್ರದಾಚೆಯ ತಟ್ಟೆ ಬಟ್ಟಲು ಬರ್ತಿತ್ತು ಅನ್ನೋದೇ ಸೋಜಿಗ. ಅವೆಲ್ಲ ವ್ಯಾಪಾರದ ಸರಕು. ಚಕ್ರವರ್ತಿಯ ಪಾತ್ರೆಗಳ ಕತೆಯೇ ಬೇರೆ ಅಂತ ಆಮೇಲೆ ಓದಿ ತಿಳಿದೆ.

ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಐದು ಉಗುರಿನ ಡ್ರ್ಯಾಗನ್ ಅಂದರೆ ಚಕ್ರವರ್ತಿಯ ಗುರುತು. ಕೆಳಗಿನವರಿಗೆ ನಾಲ್ಕೋ ಮೂರೋ. ಅರಮನೆಯ ಪಿಂಗಾಣಿ ತಯಾರಾಗ್ತಿದ್ದುದು ಜಿಂಗ್‌ದೆಝೆನ್ ಎಂಬ ಊರಲ್ಲಿ. ಹಸಿ ಪಾತ್ರೆಯ ಮೇಲೆ ಕೋಬಾಲ್ಟ್‌ನಿಂದ ಡ್ರ್ಯಾಗನ್ ಬರೆಯುವಾಗ ಅದು ನೀಲಿಯಾಗಿ ಕಾಣೋದೇ ಇಲ್ಲ, ಮಸಿಬಣ್ಣ. ಮೇಲೆ ಗ್ಲೇಜ್ ಹಾಕಿ, ಸುಮಾರು 1300 ಡಿಗ್ರಿಯಲ್ಲಿ ಸುಟ್ಟು, ಗೂಡು ತೆರೆದಾಗಲೇ ಬಣ್ಣ ಗೊತ್ತಾಗೋದು. ಅಂಚು ಸೊಟ್ಟಗಾಗಿದ್ರೆ, ನೀಲಿ ಹರಡಿದ್ರೆ ರಿಜೆಕ್ಟ್. ರಿಜೆಕ್ಟ್ ಆದದ್ದನ್ನು ಸಂತೆಗೆ ಬಿಡೋ ಹಾಗಿಲ್ಲ. ಐದು ಉಗುರು ಬೇರೆಯವರ ಕೈಗೆ ಹೋಗಬಾರದಲ್ಲ. ಒಡೆದು ಹೂಳ್ತಿದ್ದರು. 1980ರ ದಶಕದಲ್ಲಿ ಅಲ್ಲಿ ಅಗೆದವರಿಗೆ ರಾಶಿರಾಶಿ ಚೂರು ಸಿಕ್ಕವು. ಜೋಡಿಸಿ ನಿಲ್ಲಿಸಿದ ಪಾತ್ರೆಗಳು ಈಗ ಮ್ಯೂಸಿಯಂನಲ್ಲಿವೆ. ಕೆಲವುಗಳಲ್ಲಿ ಹುಡುಕಿದರೂ ದೋಷ ಸಿಗೋದಿಲ್ಲ. ಬೇಕಾದ್ದಕ್ಕಿಂತ ಹೆಚ್ಚಾಗಿವೆ ಅಂತಲೇ ಒಡೆದಿರಬಹುದು ಅನ್ನುತ್ತಾರೆ ತಜ್ಞರು.

ಇಷ್ಟನ್ನೂ ಆ ಹುಡುಗನಿಗೆ ಹುರುಪಿನಿಂದ ಹೇಳ್ತಿದ್ದೆ. ಕೊನೆಯ ಮಾತಿಗೆ ಬಂದಾಗ ಗಂಟಲು ಕಟ್ಟಿತು.

ಯಾಕಂದ್ರೆ ಅವತ್ತು ಬೆಳಿಗ್ಗೆಯೇ ನಾನು ಲಿಸ್ಟ್ ಕಳಿಸಿದ್ದೆ. ಟೀಮಿನಲ್ಲಿ ಒಬ್ಬರನ್ನು ಕೊನೆಯ ರೇಟಿಂಗಿಗೆ ಹಾಕಲೇಬೇಕು ಅಂತ ಮೇಲಿನಿಂದ ಬಂದಿತ್ತು. ಹಾಕಿದ್ದೆ. ಅವನನ್ನೇ. ಸೇರಿ ಎಂಟು ತಿಂಗಳಾಗಿತ್ತು, ಜಗಳ ಆಡೋನಲ್ಲ, ಅದಕ್ಕೇ. ಕಾರಣದ ಕಾಲಮ್ಮಿಗೆ 'ಓನರ್‌ಶಿಪ್ ಸಾಲದು' ಅಂತ ಹಿಂದಿನ ವರ್ಷದ ಶೀಟ್‌ನಿಂದ ಕಾಪಿ ಪೇಸ್ಟ್ ಮಾಡಿದ್ದೆ.

ನನ್ನಪ್ಪ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ 26 ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಅವರ ಕೆಲಸವೂ ರಿಜೆಕ್ಟ್ ಮಾಡೋದೇ. ಕೆಟ್ಟ ಪಾರ್ಟಿಗೆ ಕೆಂಪು ಬಣ್ಣ ಬಳಿದು, ಟ್ಯಾಗ್ ಕಟ್ಟಿ, ಎಲ್ಲಿ ಎಷ್ಟು ಮೈಕ್ರಾನ್ ಹೆಚ್ಚುಕಮ್ಮಿ ಅಂತ ಬರೀತಿದ್ರು. ಆ ರಾತ್ರಿ ಫೋನಿನಲ್ಲಿ ಅವರಿಗೆ ವಿಷಯ ಹೇಳಿದೆ. ಬೈಯಲಿಲ್ಲ.

"ಟ್ಯಾಗ್‌ನಲ್ಲಿ ಏನ್ ಬರ್ದೆ?" ಅಂದರು.

ಹೇಳಿದೆ.

"ಅಳತೆ ತಗೊಂಡಿದ್ಯಾ?"

ತಗೊಂಡಿರಲಿಲ್ಲ.

ಸೋಮವಾರ ಮ್ಯಾನೇಜರ್‌ಗೆ ಮೇಲ್ ಹಾಕಿದೆ: ಇವನ ಕೆಲಸದಲ್ಲಿ ದೋಷ ಕಂಡಿಲ್ಲ, ಲೆಕ್ಕ ತುಂಬಿಸಲು ಹೆಸರು ಹಾಕಿದೆ, ದಯವಿಟ್ಟು ಬದಲಾಯಿಸಿ. 'ಸಿಸ್ಟಮ್ ಲಾಕ್ ಆಗಿದೆ' ಅಂತ ಒಂದೇ ಸಾಲಿನ ಉತ್ತರ ಬಂತು. ಹುಡುಗನನ್ನು ಕಾಫಿಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಲಂಚ್ ದಿನವೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

ಎರಡು ತಿಂಗಳಿಗೆ ಅವನಿಗೆ ಬೇರೆ ಕಡೆ ಕೆಲಸ ಸಿಕ್ತು, ಹೊರಟ. ಶಿಫಾರಸು ಪತ್ರ ಅವನು ಕೇಳಲಿಲ್ಲ. ನಾನೇ ಬರೆದು ಕಳಿಸಿದೆ. ಎಂಟು ತಿಂಗಳಲ್ಲಿ ಅವನು ಹಿಡಿದ ಬಗ್‌ಗಳನ್ನು ಒಂದೊಂದಾಗಿ ಎಣಿಸಿ, ತಾರೀಕು ಸಮೇತ. ಒಂದು ಸಂಜೆ ಪೂರ್ತಿ ಬೇಕಾಯ್ತು. ಆ ಕೆಲಸವನ್ನು ಶುಕ್ರವಾರ ಬೆಳಿಗ್ಗೆಯೇ ಮಾಡಬಹುದಿತ್ತು.